ಪೂಜೆಗೆ ಅಳುತ್ತಿದ್ದ ನಾಯಿ

ಸಿಂಧನೂರಿನ ನಮ್ಮ ಮನೆಗೆ ಪಗ್ ಜಾತಿಯ ನಾಯಿ ಬಂದದ್ದು ನನ್ನ ಯಜಮಾನರ ಹಟದಿಂದ. ಅವರದು ಭತ್ತದ ವ್ಯಾಪಾರ. ಗೆಳೆಯರ ಮನೆಗಳಲ್ಲೆಲ್ಲ ಒಂದೊಂದು ಜಾತಿ ನಾಯಿ ಇರುವಾಗ ನಮ್ಮ ಬಾಗಿಲಲ್ಲಿ ಬೀದಿ ನಾಯಿಗಳು ಮಲಗುವುದು ಅವರ ಘನತೆಗೆ ಕುಂದು. ತಂದ ನಾಯಿಗೆ ಮೂಗು ಇದ್ದೂ ಇಲ್ಲದಂತಿತ್ತು, ಕಣ್ಣುಗಳು ಮಾತ್ರ ಮೋರೆಗಿಂತ ಮುಂದೆ ಬಂದಿದ್ದವು. ನನ್ನ ಅತ್ತೆ ಮೊದಲ ದಿನ ಅದನ್ನು ಸುತ್ತು ಹಾಕಿ ನೋಡಿ, "ಇದನ್ನ ಯಾರರ ಬಾಗಲ ಸಂದ್ಯಾಗ ಇಟ್ಟು ಒತ್ಯಾರೇನು?" ಎಂದು ಕೇಳಿದ್ದರು.

ಎರಡೇ ತಿಂಗಳಲ್ಲಿ ಅದೇ ಅತ್ತೆ ಅದಕ್ಕೆ ಗುರುವಾದರು. ಬೆಳಿಗ್ಗೆ ಅವರು ಪೂಜೆಗೆ ಕೂತರೆ ಅದೂ ಪಕ್ಕದಲ್ಲಿ ಕೂರುತ್ತಿತ್ತು. ಕೊಬ್ಬರಿ ಚೂರಿಗಾಗಿ ಕೂರುತ್ತದೆಂದು ನನಗೆ ಗೊತ್ತಿತ್ತು, ನಾಯಿಗೂ ಗೊತ್ತಿತ್ತು. ಅತ್ತೆಗೆ ಮಾತ್ರ ಅದು ಸಂಸ್ಕಾರವಾಗಿ ಕಂಡಿತು. ತಮ್ಮ ಹಣೆಗೆ ವಿಭೂತಿ ಹಚ್ಚಿಕೊಂಡ ಬೆರಳಿನಿಂದಲೇ ಅದಕ್ಕೂ ಮೂರು ಪಟ್ಟೆ ಎಳೆಯತೊಡಗಿದರು. ಚಪ್ಪಟೆ ಮೋರೆಯಲ್ಲಿ ಹಣೆಗೆ ಜಾಗವೆಲ್ಲಿದೆ? ಉದುರಿದ ವಿಭೂತಿಯೆಲ್ಲ ನೇರ ಕಣ್ಣಿಗೆ. ಮೇಲೆ ಲೋಬಾನದ ಹೊಗೆ.

ವರ್ಷ ತುಂಬುವ ಹೊತ್ತಿಗೆ ಅದರ ಕಣ್ಣಿಂದ ಏನೋ ಇಳಿಯಲು ಶುರುವಾಯಿತು. ಅತ್ತೆಗೆ ರೋಮಾಂಚನ. "ನೋಡ್ರೀ, ಮಂಗಳಾರತಿ ಹೊತ್ತಿಗೆ ಹೆಂಗ ಅಳಾಕತ್ತೈತಿ! ಹಿಂದಿನ ಜನ್ಮದಾಗ ಶರಣರ ಮನ್ಯಾಗ ಇದ್ದ ಜೀವ ಇದು." ಅವರ ಮಗ, ನನ್ನ ಯಜಮಾನರೂ ಕಡಿಮೆಯವರಲ್ಲ, ವಿಡಿಯೊ ಮಾಡಿ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದರು. ಸಾಲಗುಂದದಿಂದ, ಜವಳಗೇರಾದಿಂದ ಬೀಗರು ನೋಡಲು ಬಂದರು. ಸ್ವಂತ ಮನೆಯ ಮುದುಕರಿಗೆ ಕೈಮುಗಿಯದವರು ನಾಯಿಗೆ ಕೈಮುಗಿದರು. ಒಬ್ಬಾಕೆ ಅದರ ಮುಂದೆ ಕೂತು ಮಗಳ ಮದುವೆ ಯಾವಾಗ ಆದೀತೆಂದು ಕೇಳಿದಳು. ನಾಯಿ ಸೀನಿತು. ಅದನ್ನೂ ಶುಭವೆಂದೇ ತಿಳಿದು ಎದ್ದುಹೋದಳು.

ಇಷ್ಟೆಲ್ಲ ನಗುವ ನಾನು ಆಗ ಏನು ಮಾಡುತ್ತಿದ್ದೆ? ಚಹಾ ಮಾಡುತ್ತಿದ್ದೆ. "ಭಾಳ ಪುಣ್ಯ ಮಾಡೀಯವ್ವಾ ಈ ಮನಿ ಸೇರಾಕ" ಎಂದು ಬಂದವರು ಹೇಳಿದಾಗ ಸೆರಗು ಸರಿಮಾಡಿಕೊಂಡು ಹಲ್ಲು ಕಿರಿಯುತ್ತಿದ್ದೆ. ನನ್ನ ತವರು ಮಸ್ಕಿ. ಅಪ್ಪ ಕುರಿ ಸಾಕಿದವರು. ಕಣ್ಣೀರು ಯಾವುದು, ಪಿಸುರು ಯಾವುದು ಎಂದು ತಿಳಿಯದವಳಲ್ಲ. ಆ ನಾಯಿಯ ಕಣ್ಣಲ್ಲಿದ್ದದ್ದು ಹಳದಿ ಪಿಸುರು, ಎಳೆದರೆ ನೂಲಿನಂತೆ ಬರುತ್ತಿತ್ತು. ದಿನಾ ಬೆಳಿಗ್ಗೆ ಜನ ಬರುವ ಮೊದಲು ಒದ್ದೆ ಬಟ್ಟೆಯಿಂದ ಅದನ್ನು ಒರೆಸುತ್ತಿದ್ದವಳು ನಾನೇ, ವಿಡಿಯೊದಲ್ಲಿ ಅಸಹ್ಯ ಕಾಣಬಾರದೆಂದು.

ಒಂದು ಮುಂಜಾನೆ ನಾಯಿ ಬಲಗಣ್ಣು ತೆರೆಯಲೇ ಇಲ್ಲ. ಆ ಕಡೆಯಿದ್ದ ಹೊಸ್ತಿಲಿಗೆ ಬಡಿದು ಕುಂಯ್ ಎಂದಿತು. ರೆಪ್ಪೆ ಬಿಡಿಸಿ ನೋಡಿದರೆ ಕಣ್ಣಿನ ಮೇಲೆ ಬಿಳಿ ಪೊರೆ. ಅತ್ತೆ ಹೇಳಿದರು, "ಮುಟ್ಟಬ್ಯಾಡ, ಧ್ಯಾನಕ್ಕ ಕುಂತೈತಿ."

ಅಂದು ನನಗೆ ತಡೆಯಲಾಗಲಿಲ್ಲ. "ಒಂದ ಕಣ್ಣ ಮುಚ್ಚಿ ಯಾರರ ಧ್ಯಾನ ಮಾಡ್ತಾರೇನ್ರೀ ಅತ್ತಿ?" ಎಂದೆ. ಲಿಂಗಸುಗೂರಿನಲ್ಲಿ ನಾಯಿಗಳನ್ನು ಚೆನ್ನಾಗಿ ನೋಡುವ ಡಾಕ್ಟರೊಬ್ಬರಿದ್ದಾರೆಂದು ಕೇಳಿದ್ದೆ. ಯಜಮಾನರು ಕಾರು ತೆಗೆದರು. ಭಕ್ತನನ್ನು ನನ್ನೊಬ್ಬಳ ಕೈಗೆ ಬಿಡಲು ಮನಸ್ಸಿಲ್ಲದೆ ಅತ್ತೆಯೂ ಹತ್ತಿದರು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೊದಲು ಹತ್ತಿಯಿಂದ ವಿಭೂತಿ ಒರೆಸಿದರು. ಅತ್ತೆ ಹಲ್ಲು ಕಚ್ಚಿದರು. ಆಮೇಲೆ ಗೆರೆ ಹಾಕಿದ ಸಣ್ಣ ಕಾಗದದ ಪಟ್ಟಿಯನ್ನು ಕೆಳರೆಪ್ಪೆಯೊಳಗೆ ಸಿಕ್ಕಿಸಿ, ಗಡಿಯಾರ ನೋಡುತ್ತಾ ಒಂದು ನಿಮಿಷ ನಿಂತರು. ಕಣ್ಣೀರು ಹೀರಿ ಪಟ್ಟಿ ಹದಿನೈದನೇ ಗೆರೆಯವರೆಗೆ ಒದ್ದೆಯಾಗಬೇಕಿತ್ತಂತೆ. ಎರಡನೆಯದನ್ನೂ ಮುಟ್ಟಿರಲಿಲ್ಲ.

"ಇದರ ಕಣ್ಣಾಗ ನೀರ ಇಲ್ಲರೀ ಅಮ್ಮಾ" ಎಂದರು ಡಾಕ್ಟರು.

"ನೀರ ಇಲ್ಲಂದ್ರ? ದಿನಾ ಅಳತೈತ್ರೀ ಇದು! ಊರಮಂದೆಲ್ಲ ನೋಡ್ಯಾರ!"

"ಅದು ಪಿಸುರು ರೀ. ನೀರ ಬತ್ತಿದ ಕಣ್ಣಾಗ ಅದ ತುಂಬತೈತಿ. ಇಂಥಾ ಚಪ್ಪಟಿ ಮಾರಿ ನಾಯಿಗೆ ಈ ರೋಗ ಜಾಸ್ತಿ. ರೆಪ್ಪಿ ಪೂರ್ತಿ ಮುಚ್ಚೂದಿಲ್ಲ. ಬೂದಿಯಿಂದ ಬಂದದ್ದಲ್ಲ, ಆದ್ರ ಬೂದಿ, ಹೊಗಿ ಉರಿ ಹೆಚ್ಚು ಮಾಡ್ಯಾವ." ಕಣ್ಣಿಗೆ ಬಣ್ಣದ ಹನಿ ಬಿಟ್ಟು ದೀಪ ಹಿಡಿದರು. ಬಲಗಣ್ಣಿನ ನಡುವೆ ಹಸಿರು ಕಲೆಯೊಂದು ಹೊಳೆಯಿತು. ಅದು ಹುಣ್ಣು.

ಅತ್ತೆಯ ದನಿ ಇಳಿಯಿತು. "ಹಂಗಾದ್ರ, ಪೂಜಾಕ ಕುಂತಾಗ ನನ್ನ ಮಾರಿ ನೋಡಿ ಕಣ್ಣ ಪಿಳಿಪಿಳಿ ಮಾಡತಿತ್ತಲ್ಲರೀ, ಅದು?"

"ನೋವು ರೀ ಅಮ್ಮಾ. ಉಸುಕು ಬಿದ್ದಂಗ ಚುಚ್ಚತಿರತೈತಿ." ಡಾಕ್ಟರು ಚೀಟಿ ಬರೆಯಲು ಕೂತು ಕೇಳಿದರು, "ಪಿಸುರು ಎಷ್ಟ ದಿನದಿಂದ ಬರಾಕತ್ತೈತಿ?"

"ನನ್ನ ಕಣ್ಣು ಮಂಜ್ರೀ, ನನಗ ತಿಳಿದಿಲ್ಲ. ದಿನಾ ಒರಸಾಕಿ ಇಕಿ. ಇಕಿಗೆ ಗೊತ್ತೈತಿ" ಎಂದು ಅತ್ತೆ ನನ್ನ ಕಡೆ ತಿರುಗಿದರು.

"ಎಂಟ ದಿನ ಆತ್ರೀ" ಎಂದೆ.

ಡಾಕ್ಟರು ಪೆನ್ನು ಕೆಳಗಿಟ್ಟರು. "ಎಂಟ ದಿನಕ್ಕ ಕಣ್ಣ ಹಿಂಗ ಆಗೂದಿಲ್ಲರೀ. ತಿಂಗಳಗಟ್ಲೆ ಆಗೈತಿ. ಮೊದಲ ಬಂದಿದ್ರ ಎರಡೂ ಉಳೀತಿದ್ದುವು."

ಎಡಗಣ್ಣು ಉಳಿಯಿತು. ಅದಕ್ಕೆ ಜೀವಮಾನವಿಡೀ ದಿನಕ್ಕೆ ಎರಡು ಸಲ ಮುಲಾಮು ಹಚ್ಚಬೇಕು. ಅತ್ತೆ ಕನ್ನಡಕ ಹಾಕಿಕೊಂಡು ತಾವೇ ಹಚ್ಚುತ್ತಾರೆ. ನಾನು ಹತ್ತಿರ ಹೋದರೆ ನಾಯಿಯನ್ನು ಮಡಿಲಿಗೆಳೆದುಕೊಳ್ಳುತ್ತಾರೆ.