ಅತ್ತೆ ‘ದುರಸ್ತಿ’ ಎಂದು ಬರೆದಾಗ

ನನ್ನ ಸೋದರತ್ತೆಗೆ ಕಚೇರಿಯಲ್ಲಿದ್ದ ಅಡ್ಡಹೆಸರು ತಕ್ಕಡಿ. ಮನೆ ಮಾರಿಸಿಕೊಡುವ ಆ ಕಚೇರಿಯಲ್ಲಿ ಜಾಹೀರಾತು ಬರೆಯುವುದು ಅವಳ ಕೆಲಸ. ಒಂದು ಮಾತನ್ನೂ ತೂಗದೆ ಇಳಿಸುವವಳಲ್ಲ. ಗೋಡೆಗೆ ಬಣ್ಣ ಬಳಿದಿದ್ದಕ್ಕೆಲ್ಲ ‘ನವೀಕರಿಸಿದ ಮನೆ’ ಎಂದು ಬರೆಯಲು ಕಚೇರಿಯ ಯಜಮಾನ ಎಷ್ಟು ಗೋಗರೆದರೂ ಜಗ್ಗುತ್ತಿರಲಿಲ್ಲ. “ಮುಖ ತೊಳ್ಕೊಂಡೋರನ್ನೆಲ್ಲ ಈಗ ತಾನೇ ಹುಟ್ಟಿದ್ರು ಅಂತೀವಾ ಸಾರ್?” ಎನ್ನುತ್ತಿದ್ದಳು. ಮನೆಗೆ ಹೋಗಿ ನಲ್ಲಿ ತಿರುಗಿಸಿ, ಕಪಾಟಿನ ಬಾಗಿಲು ಎಳೆದು ನೋಡಿದ ಮೇಲೆಯೇ ಪೆನ್ನು ಹಿಡಿಯುವವಳು.

ಅಮ್ಮನಿಗೆ ಊರಿನ ಆ ತುದಿಗೆ ವರ್ಗವಾಗಿ ನಮ್ಮ ಮನೆಯನ್ನೇ ಮಾರಬೇಕಾಗಿ ಬಂತು. ಜಾಹೀರಾತು ಅತ್ತೆಯೇ ಬರೆದಳು. ಓದಿದ ಅಪ್ಪನ ಮುಖ ಕೆಂಪಾಯಿತು.

“ದುರಸ್ತಿ ಮಾಡಿದ ಅಡುಗೆಮನೆ, ದುರಸ್ತಿ ಮಾಡಿದ ಬಚ್ಚಲು! ಮುರಿದ ಸ್ಟೂಲಿಗೆ ಮೊಳೆ ಹೊಡೆದ ಹಾಗೆ ಬರ್ದಿದೀಯಲ್ಲೇ!”

ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಅಪ್ಪ ರಜೆ ಸಿಕ್ಕಾಗಲೆಲ್ಲ ಆ ಮನೆಗೆ ಏನಾದರೊಂದು ಮಾಡುತ್ತಲೇ ಇದ್ದವನು.

“ಪೈಪು, ವೈರು ಎಲ್ಲ ಹಳೇದೇ ಅಲ್ವಾ ಅಣ್ಣಾ? ನವೀಕರಣ ಅಂತ ಹೇಗೆ ಬರೀಲಿ?”

ಅಪ್ಪ ಮುಖ ಊದಿಸಿಕೊಂಡು ಒಳಗೆ ಹೋದ. ಅತ್ತೆ ಕಾಫಿಯನ್ನೂ ಕುಡಿಯದೆ ಹೊರಟಳು. ಅವಳೂ ಅವನ ತಂಗಿಯೇ ತಾನೆ.

ಆದರೆ ಮಾರನೆಯ ದಿನ ತಾನಾಗಿಯೇ ಬಂದಳು. “ಅಣ್ಣಾ, ಪದಕ್ಕೆ ಜಗಳ ಬೇಡ. ಏನೇನು ಮಾಡಿದೀಯ, ಯಾಕೆ ಮಾಡ್ದೆ, ನೀನೇ ತೋರಿಸು.”

ಅಪ್ಪ ಮೊದಮೊದಲು ಬಿಗಿದುಕೊಂಡೇ ತೋರಿಸಿದ. ಅಡುಗೆಕಟ್ಟೆಯನ್ನು ನಾಲ್ಕು ಬೆರಳು ಏರಿಸಿದ್ದು ಅಮ್ಮನ ಸೊಂಟನೋವಿಗೆ. ಹಿಂದಿನ ಕಿಟಕಿಗೆ ಅಗಲವಾದ ಹಲಗೆ ಕೂಡಿಸಿದ್ದು, ನನಗೆ ಬೆಳಕಲ್ಲಿ ಕೂತು ಓದಲೆಂದು. ಬಚ್ಚಲ ಬಾಗಿಲ ಹತ್ತಿರ ಬಂದಾಗ, ತೀರಿಕೊಂಡ ಅಜ್ಜಿಯ ನೆನಪಿಗೆ, ಅವನ ದನಿ ಇಳಿಯಿತು. “ಅಮ್ಮನ ಗಾಲಿಕುರ್ಚಿ ತಗಲ್ತಿತ್ತಲ್ಲ, ಕೈ ತರಚಿಕೊಳ್ತಿದ್ಲು. ಅದಕ್ಕೇ ಗೋಡೆ ಒಡೆದು ಅಗಲ ಮಾಡ್ದೆ.”

ಅತ್ತೆ ಚೌಕಟ್ಟಿನ ಮೇಲೆ ಕೈಯಾಡಿಸಿದಳು. ಅಜ್ಜಿ ಅವಳಿಗೂ ಅಮ್ಮನೇ.

ಅಲ್ಲೇ ಕೂತು ಬರೆದಳು: ‘ನಿಂತು ಅಡುಗೆ ಮಾಡುವವರ ಬೆನ್ನು ನೋಯದಂತೆ ಕಟ್ಟೆ ಎತ್ತರಿಸಿದೆ. ಕಿಟಕಿಯಲ್ಲಿ ಕೂತು ಓದಬಹುದು. ಬಚ್ಚಲ ಬಾಗಿಲಲ್ಲಿ ಗಾಲಿಕುರ್ಚಿ ಸಲೀಸಾಗಿ ಹೋಗುತ್ತದೆ. ಎಲ್ಲ ಮನೆಯವರ ಕೈಕೆಲಸ. ಪೈಪು, ವೈರಿಂಗ್ ಹಳೆಯವು.’

“ಇದು ಜಾಹೀರಾತೋ, ನಿಮ್ಮ ವಂಶದ ಚರಿತ್ರೆಯೋ?” ಎಂದು ಗೊಣಗುತ್ತಲೇ ಯಜಮಾನ ಹಾಕಿಸಿದ.

ವಾರ ಕಳೆಯುವುದರೊಳಗೆ ದರ್ಜಿಯೊಬ್ಬ ತನ್ನ ತಾಯಿಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಬಂದ. ಹಾಲ್ ನೋಡಲಿಲ್ಲ, ಅಡುಗೆಮನೆ ನೋಡಲಿಲ್ಲ, ನೇರವಾಗಿ ಬಚ್ಚಲಿಗೆ ಕುರ್ಚಿ ತಳ್ಳಿದ. ಒಳಗಿನಿಂದ ಮುದುಕಿಯ ನಗು ಕೇಳಿಸಿತು: “ತಗಲ್ಲೇ ಇಲ್ಲ ಕಣೋ!”

ಅಪ್ಪ ಎಲ್ಲರಿಗಿಂತ ಮುಂಚೆ ಬಾಯಿ ಬಿಟ್ಟ. “ಪೈಪು ಮಾತ್ರ ಹಳೇದು, ನೋಡ್ಕೊಳ್ಳಿ.”

“ಬರ್ದಿದಾರಲ್ಲ ಸಾರ್, ಗೊತ್ತು,” ಎಂದ ದರ್ಜಿ.

ಮನೆ ಅವರದಾಯಿತು. ನಾವು ಹೊಸ ಮನೆಗೆ ಸಾಮಾನು ಸಾಗಿಸಿ ಇನ್ನೂ ಡಬ್ಬ ಬಿಚ್ಚಿರಲಿಲ್ಲ, ಅಪ್ಪ ಡ್ರಿಲ್ ಹಿಡಿದು ಹೊರಟ. ಹಳೇ ಮನೆಯಲ್ಲಿ ಮುದುಕಿಗೆ ಬಚ್ಚಲ ಗೋಡೆಗೊಂದು ಹಿಡಿಕೆ ಬೇಕಂತೆ.

ಎದುರಾದ ಅತ್ತೆ ಸೊಂಟಕ್ಕೆ ಕೈಯಿಟ್ಟು ನಿಂತಳು. “ಅಣ್ಣಾ, ನಾನು ಮಾರಿಸಿದ್ದು ಮನೇನ. ಜೊತೆಗೆ ಮೇಸ್ತ್ರೀನೂ ಬರ್ತಾನೆ ಅಂತ ಎಲ್ಲೂ ಬರ್ದಿರ್ಲಿಲ್ಲ.”

ಅಪ್ಪ ನಗುತ್ತ ಡ್ರಿಲ್ಲಿನ ವೈರು ಸುತ್ತಿಕೊಂಡ. ಬೈದುಕೊಂಡೇ ಅತ್ತೆಯೂ ಅವನ ಸ್ಕೂಟರ್ ಹತ್ತಿದಳು.