ಭಾವನಿಗೆ ಹೆಂಡ ಕುಡಿಸಿದ ಪುಟ

ನನ್ನ ಭಾವ ಹೆಂಡ ಮುಟ್ಟಿದವನಲ್ಲ. ಅವನು ಸತ್ತ ಮರುವರ್ಷ ಹೊಸಪೇಟೆಯ ಒಂದು ವಾರಪತ್ರಿಕೆ ಅವನಿಗೆ ಕುಡಿಸಿತು, ಅದೂ ನಾನು ಬರೆದ ಚಿತ್ರದ ಮೇಲೆ. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಸಂಡೂರು ರಸ್ತೆಯ ತುಂಬ ಅದಿರಿನ ಲಾರಿಗಳೇ ಇರುತ್ತಿದ್ದ ಕಾಲ ಅದು. ಅಕ್ಕ ಸಂಡೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ನಾನು ಹೊಸಪೇಟೆಯ ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ ಜೋಡಿಸುತ್ತಿದ್ದೆ, ಬಿಡುವಿನಲ್ಲಿ ಚಿತ್ರ ಬರೆಯುತ್ತಿದ್ದೆ. ಒಂದು ಬೆಳಗ್ಗೆ ಹಾಲು ತರಲು ಸ್ಕೂಟರ್ ಮೇಲೆ ಹೋದ ಭಾವ ಲಾರಿಯ ಕೆಳಗೆ ಸಿಕ್ಕ. ಆರು ತಿಂಗಳು ಅಕ್ಕ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಒಂದು ಭಾನುವಾರ ಬಂದು ನನ್ನ ಮುಂದೆ ನೋಟ್‌ಬುಕ್ ಇಟ್ಟಳು.

"ಇದಕ್ಕ ಚಿತ್ರ ಬರಿ ತಂಗಿ. ಹುಡುಗರಿಗೆ ಬರದಂಗ ಬರಿಬ್ಯಾಡ."

ಅದು ಕಾಲದಲ್ಲಿ ಹಿಂದಕ್ಕೆ ಹೋಗುವ ಹೆಂಗಸಿನ ಕಥೆ. ನಾಯಕಿ ಐವತ್ತರ ಟೀಚರು. ಗಣಿಯಲ್ಲಿ ಕೊರೆದು ತೆಗೆದ ಪದರ ಪದರವಾದ ಉದ್ದನೆಯ ಕಲ್ಲೊಂದು ಅವಳ ಶಾಲೆಗೆ ಬರುತ್ತದೆ. ಅದರ ಮೇಲಿನ ಪದರ ಮುಟ್ಟಿದರೆ ಹೋದ ವರ್ಷಕ್ಕೆ ಹೋಗುತ್ತಾಳೆ, ತೀರ ಕೆಳಗಿನದು ಮುಟ್ಟಿದರೆ ಸಂಡೂರು ಗುಡ್ಡ ಸಮುದ್ರದ ತಳದಲ್ಲಿದ್ದ ಕಾಲಕ್ಕೆ. ಅವಳು ಹುಡುಕುವುದು ಒಂದೇ ಬೆಳಗನ್ನು, ಗಂಡ ಸ್ಕೂಟರ್ ಹತ್ತಿದ ಬೆಳಗನ್ನು. ದಾರಿ ತಪ್ಪಿ ಮದುವೆಯಾದ ಹೊಸತರ ದಿನಗಳಿಗೆ ಹೋಗಿ, ಎಳೆ ವಯಸ್ಸಿನ ಗಂಡನ ಪಕ್ಕದಲ್ಲಿ ಐವತ್ತರ ಮೈಯೊಂದಿಗೆ ಮಲಗುವ ಪುಟವೂ ಇತ್ತು. ಅದನ್ನು ಬರೆಯುವಾಗ ನಾನು ಅಕ್ಕನ ಮುಖ ನೋಡಲಿಲ್ಲ.

ವಾರಪತ್ರಿಕೆಯ ಸಂಪಾದಕ ನಮ್ಮ ಅಂಗಡಿಗೆ ಬರುತ್ತಿದ್ದ. ಪುಟಗಳನ್ನು ನೋಡಿ, "ಭಾಳ ಚಲೋ ಐತ್ರೀ, ದೊಡ್ಡವರು ಓದೋ ಚಿತ್ರಕಥಿ, ವಾರಕ್ಕೊಂದು ಪುಟ ಹಾಕೋಣ" ಅಂದ. ನಾಲ್ಕು ವಾರ ಸರಿಯಾಗಿಯೇ ಬಂತು.

ಐದನೆಯದು ಅಪಘಾತದ ಪುಟ. ಕಡ್ಡಿರಾಂಪುರದ ಚಹಾದಂಗಡಿಯಲ್ಲಿ ಪತ್ರಿಕೆ ಬಿಡಿಸಿದೆ. ಲಾರಿ, ಬಿದ್ದ ಸ್ಕೂಟರ್, ಸುತ್ತ ನಿಂತ ಜನ, ಎಲ್ಲ ನಾನು ಬರೆದಂತೆಯೇ ಇತ್ತು. ಆದರೆ ಗುಂಪಿನಲ್ಲೊಬ್ಬ "ಲಾರಿ ರಾಂಗ್ ಸೈಡಿಗೆ ಬಂತು" ಅನ್ನಬೇಕಾದ ಜಾಗದಲ್ಲಿ ಬೇರೆ ಮಾತಿತ್ತು: "ಪಾಪ, ಬೆಳಿಗ್ಗೇನೇ ಕುಡಿದಿದ್ದ." ಹಿಂದಿನ ಪುಟದ ತುಂಬ ಲಾರಿ ಮಾಲಕರ ಶುಭಾಶಯದ ಜಾಹೀರಾತು. ಚಹಾ ಅಲ್ಲೇ ಬಿಟ್ಟು ಎದ್ದು ಅಕ್ಕನಿಗೆ ಫೋನ್ ಮಾಡಿದೆ.

ಅಕ್ಕ ಮರುದಿನದ ಮೊದಲ ಬಸ್ಸಿಗೇ ಹೊಸಪೇಟೆಗೆ ಬಂದಳು. ಇಬ್ಬರೂ ಪತ್ರಿಕೆಯ ಕಚೇರಿಗೆ ಹೋದೆವು.

"ಬರ್ರಿ ಅಕ್ಕಾರ, ಕುಂದ್ರಿ," ಅಂದ ಸಂಪಾದಕ.

"ಕುಂದ್ರಾಕ ಬಂದಿಲ್ಲ. ಈ ಮಾತು ಯಾರು ಬರದ್ರು?"

"ಕಥಿ ಅಲ್ಲೇನ್ರೀ? ಕಥಿ ಒಳಗ ಯಾರು ಕುಡದ್ರೇನು?"

"ಬರೇ ಕಥಿ ಆಗಿದ್ರ ಲಾರಿ ಮಾಲಕರಿಗೆ ಯಾಕ ಅಂಜಿದ್ರಿ?"

ಅವನು ಮುಂದಿನ ವಾರ ತಿದ್ದುಪಡಿ ಹಾಕುತ್ತೇನೆ ಅಂದ. ಹಾಕಲಿಲ್ಲ. ಅದರ ಮುಂದಿನ ವಾರ ನಮ್ಮ ಜಾಗದಲ್ಲಿ ರಾಶಿ ಭವಿಷ್ಯ ಬಂತು. ನಾನು ಬರೆದ ಮೂಲ ಪುಟಗಳನ್ನು ಕೇಳಿದರೆ, "ಎಲ್ಲೋ ಅದಾವ, ಹುಡುಕಿಸ್ತೀನಿ" ಅಂದ. ಅವೂ ಕೊನೆಗೆ ಸಿಗಲಿಲ್ಲ.

ನಾನು ಐದನೇ ಪುಟವನ್ನು ಮತ್ತೆ ಬರೆದೆ, ಅಕ್ಕನ ಮಾತುಗಳನ್ನೇ ಹಾಕಿದೆ. ಝೆರಾಕ್ಸ್ ಮಾಡಿಸಿ ಬಸ್‌ಸ್ಟ್ಯಾಂಡಿನ ಗೋಡೆಗೆ ಹಚ್ಚಿದೆವು. ಮಧ್ಯಾಹ್ನದೊಳಗೆ ಯಾರೋ ಹರಿದಿದ್ದರು. ಆಗ ಅಕ್ಕ ಉಳಿದ ಪ್ರತಿಗಳನ್ನು ಹಿಡಿದು ಸಂಡೂರು ರಸ್ತೆಯಲ್ಲಿ ಸಾಲುಗಟ್ಟಿದ್ದ ಲಾರಿಗಳ ಹತ್ತಿರವೇ ಹೋದಳು. "ಬ್ಯಾಡಕ್ಕಾ" ಅಂದೆ. ಕೇಳಲಿಲ್ಲ. ಒಂದೊಂದೇ ಬಾಗಿಲು ಬಡಿದು ಕೊಟ್ಟಳು. ಕೆಲವರು ನಕ್ಕರು, ಒಬ್ಬ ಮುದ್ದೆ ಮಾಡಿ ಬಿಸಾಡಿದ.

ಕೆಂಗಣ್ಣಿನ ಒಬ್ಬ ಡ್ರೈವರ್ ಮಾತ್ರ ಪೂರ್ತಿ ಓದಿದ. "ಮೂರು ದಿನ ಆತ್ರೀ ಸರಿಯಾಗಿ ಮಲಗಿಲ್ಲ," ಅಂದ. "ಟ್ರಿಪ್ ಕಡಿಮಿ ಆದ್ರ ಗಾಡಿಯಿಂದ ಇಳಿಸ್ತಾರ. ಇದ್ರಾಗ ನಮ್ಮ ಡ್ರೈವರ್ ಮಕಾನೇ ಬರದಿಲ್ಲಲ್ರೀ."

ನಿಜ. ನಾನು ಬರೆದಿರಲಿಲ್ಲ. ಅಕ್ಕನಿಗೂ ಅವನ ಮುಖ ಬೇಕಾಗಿರಲಿಲ್ಲ. ಅಲ್ಲೇ ನಿಂತು ಅವಳು ಅವನ ಮೇಲೆ ರೇಗಿದಳು: "ನಿದ್ದಿ ಇಲ್ಲಂದ್ರ ಯಾಕ ಹತ್ತತೀಯಪಾ ಗಾಡಿ? ನನ್ನ ಗಂಡ ಸತ್ತಾನ." ಮುಂದಿನ ಲಾರಿ ಚಲಿಸಿತು, ಅವನೂ ಹೊರಟ.

ಕಥೆಯನ್ನು ನಾವು ಮುಗಿಸಿದೆವು. ಕೊನೆಗೆ ನಾಯಕಿ ಆ ಬೆಳಗನ್ನು ತಲುಪುತ್ತಾಳೆ. ಮನೆಯ ಬಾಗಿಲಿಗೆ ಹೋಗುವುದಿಲ್ಲ, ನೇರ ಲಾರಿ ಹತ್ತಿ ತೂಕಡಿಸುತ್ತಿರುವ ಡ್ರೈವರನನ್ನು ಎಬ್ಬಿಸುತ್ತಾಳೆ. ಗಂಡ ಬದುಕಿದನೋ ಇಲ್ಲವೋ ಬರೆಯಲು ಅಕ್ಕ ಒಪ್ಪಲಿಲ್ಲ. "ನನಗ ಗೊತ್ತಿರೋದು ಅವ ಸತ್ತಿದ್ದು ಒಂದಽ, ಅದನ್ನ ಎಲ್ಲಾರೂ ಓದ್ಯಾರ," ಅಂದಳು. ಅಚ್ಚು ಹಾಕುವವರು ಯಾರೂ ಸಿಗಲಿಲ್ಲ. ಝೆರಾಕ್ಸ್ ಪ್ರತಿಗಳು ಟೀಚರುಗಳ ನಡುವೆ ಓಡಾಡಿದವು, ಅಷ್ಟೇ. ಆಮೇಲೆ ನಾನು ಚಿತ್ರ ಬರೆಯಲಿಲ್ಲ.

ಕೆಲವು ವರ್ಷಗಳ ಮೇಲೆ ಕಂಪ್ಲಿಯ ಒಂದು ಮದುವೆ ಊಟದಲ್ಲಿ ಆ ಸಂಪಾದಕ ನನ್ನ ಪಕ್ಕದ ಎಲೆಗೇ ಬಂದು ಕೂತ. "ಮೇಡಂ, ನೀವು ಚಿತ್ರ ಬಿಟ್ಟಿದ್ದು ದೊಡ್ಡ ನಷ್ಟ ನೋಡ್ರೀ," ಅಂದ. ನಾನು ಅರ್ಧ ಊಟದಲ್ಲೇ ಎದ್ದು ಕೈ ತೊಳೆದುಕೊಂಡೆ.