ಬೆಕ್ಕಿನತ್ತೆಯ ಕರುಣೆ

ಇಡೀ ಬೀದಿಗೆ ಆಕೆ ಬೆಕ್ಕಿನತ್ತೆ. ಹೆತ್ತ ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಅನ್ನುತ್ತಾರೆ. ಬಾಣಂತಿಗೆ ಆ ಶ್ರಮವೇಕೆಂದು ಅತ್ತೆಯೇ ತಿರುಗಿಸುತ್ತಾಳೆ. ಮೀಟರ್ ನೋಡಲು ಬಂದವನ ಚೀಲಕ್ಕೊಂದು, ಮಹಡಿಯ ಬಾಡಿಗೆಯವರ ಮಡಿಲಿಗೊಂದು. ಯಾರೂ ಸಿಗದಿದ್ದರೆ ಬೀದಿಬೆಕ್ಕುಗಳನ್ನು ಕಾಪಾಡುವ ಹುಡುಗಿಯ ಬಾಗಿಲಲ್ಲಿ ಒಂದು ರಟ್ಟಿನ ಡಬ್ಬ ಇರುತ್ತದೆ, ಗಾಳಿಗೆ ತೂತು ಕೊರೆದು, ಒಳಗೆ ಅತ್ತೆಯದೇ ಹಳೇ ಸ್ವೆಟರ್ ಹಾಸಿ. "ಅತ್ತೆ, ತಾಯಿಗಳಿಗೆ ಆಪರೇಷನ್ ಮಾಡಿಸಿಬಿಡೋಣ, ಓಡಾಟವೆಲ್ಲ ನಂದು" ಎಂದು ಹುಡುಗಿ ಗೋಗರೆದರೆ, "ಅಯ್ಯಯ್ಯೋ, ಮೂಕಪ್ರಾಣಿ ಹೊಟ್ಟೆ ಕೊಯ್ಸೋದಾ? ತಾಯ್ತನ ಕಿತ್ಕೊಳ್ಳೋಕೆ ನಾವ್ಯಾರೇ?" ಎಂದು ಕಣ್ಣೊರೆಸಿಕೊಳ್ಳುತ್ತಾಳೆ. ಎರಡು ಹೆತ್ತೊಡನೆ ಸಾಕಪ್ಪಾ ಸಾಕು ಎಂದು ತಾನೇ ಆಸ್ಪತ್ರೆಗೆ ಓಡಿದವಳು! ಅದನ್ನು ನೆನಪಿಸಿದರೆ, "ನಂಗೆ ಬಾಯಿತ್ತು, ಸಾಕು ಅಂದೆ. ಅದು ಅಂದಿದ್ಯಾ?" ಎಂದು ಹುಡುಗಿಯ ಬಾಯಿ ಮುಚ್ಚಿಸುತ್ತಾಳೆ. ತಾಯಿ ಬೆಕ್ಕುಗಳಿಗೆಲ್ಲ ಮಹಾರಾಣಿ, ಬೆಣ್ಣೆಮುದ್ದೆ, ಚಿನ್ನಾರಿ ಎಂದು ಬಾಯ್ತುಂಬ ಹೆಸರು. ಮರಿಗಳಿಗೆ ಮಾತ್ರ ಒಂದಕ್ಕೂ ಹೆಸರಿಲ್ಲ. ಯಾಕೆಂದು ಹುಡುಗಿ ಒಮ್ಮೆ ಕೇಳಿಯೇಬಿಟ್ಟಳು. ಹಾಲಿನ ತಟ್ಟೆ ತೊಳೆಯುತ್ತಿದ್ದ ಅತ್ತೆ ತಿರುಗಿ ನೋಡಲಿಲ್ಲ. "ಹೆಸರಿಟ್ರೆ, ಕಾಣದೇ ಹೋದಾಗ ಕರೀಬೇಕಾಗುತ್ತೆ ಕಣೇ" ಎಂದಳು.